ಹಳದಿ ಆನಿ

ರೇಣು,

ನಾ ಫ್ಯಾಕ್ಟರಿಗೆ ಹೊಂಟೆ. ಹಾಲು ಕಾಸಿಟ್ಟೀನಿ. ಇವತ್ತು ಸ್ವಾರಗೇಟಿನಿಂದ ಬಸ್ಸು ಹಿಡಿದು ಭೋರಿಗೆ ಹೋಗು. ನಿನ್ನ ತಂಗಿ ದೀಪಾಲಿ ಮಗಳಿಗೆ ತೊಟ್ಟಿಲ ದಿನ ನಾ ಕೊಟ್ಟ ಪ್ಲಾಸ್ಟಿಕ್ಕಿನ ಹಳದಿ ಆನಿ ತೊಗೊಂಡು ಬಾ. ಕೂಸಿಗೆ ಹಲ್ಲು ಬರಾಕತ್ತಾವ, ದಿನಾ ಅದನ್ನೇ ಕಚ್ಚತದ ಅಂತ ದೀಪಾಲಿ ನಿನ್ನೆ ಫೋನಿನ್ಯಾಗ ನಕ್ಕೋತ ಹೇಳಿದಳು. ನನಗ ನಗಿ ಬರಲಿಲ್ಲ.

ನಮ್ಮ ಆಟಿಕಿ ಫ್ಯಾಕ್ಟರ್ಯಾಗ ಹೊರದೇಶಕ್ಕ ಹೋಗೂ ಆನಿಗೆ ಪರೀಕ್ಷೆ ಅದ, ಇಲ್ಲಿ ಉಳಿಯೂ ಆನಿಗೆ ಬರೇ ಬಣ್ಣ. ಇಲ್ಲಿಯ ಮಾಲು ಮೆತ್ತಗಾಗಲಿ ಅಂತ ಒಂದು ಎಣ್ಣಿ ಹಾಕತಾರ. ಅದು ಮಕ್ಕಳ ಬಾಯಿಗೆ ಹೋಗಬಾರದಂತ ಆ ದೇಶದಾಗ ಕಾಯ್ದೆ ಅದ, ನಮ್ಮಲ್ಲಿ ಕೇಳಾವರಿಲ್ಲ. "ವಾಸನಿ ಬರತದಲ್ರೀ ಅಳಿಯಂದ್ರ" ಅಂತ ನಿಮ್ಮವ್ವ ಅವತ್ತೇ ಅಂದಿದ್ರು. "ಹೊಸಾ ಮಾಲಿನ ವಾಸನಿರೀ" ಅಂತ ಭಾಳ ಶಾಣ್ಯಾನಂಗ ಹೇಳಿದೆ.

ನಮ್ಮ ಮಗ ಮಹೇಶನ ಕೆಂಪು ಆನಿ ಹೊರದೇಶಕ್ಕ ಹೋಗೂ ಡಬ್ಬಿದು. ಅಂಥಾದು ಒಂದೇ ಸಿಕ್ಕಿತ್ತು. ಅದನ್ನ ನಮ್ಮ ಮನಿಗೆ ತಂದೆ. ಇವತ್ತು ಅದನ್ನ ಆ ಕೂಸಿಗೆ ಕೊಟ್ಟು ಬಾ.

ನಾನೇ ಹೋಗಬೇಕಿತ್ತು, ಮುಖ ಇಲ್ಲ. "ಮಾವಗ ಗೊತ್ತಿತ್ತೇನು?" ಅಂತ ದೀಪಾಲಿ ಕೇಳಿದ್ರ ನನ್ನ ಮರ್ಯಾದಿ ಉಳಸಾಕ ಹೋಗಬ್ಯಾಡ. ಗೊತ್ತಿತ್ತು ಅನ್ನು.

ಮಾಂತು