ನೂರು ಮೀಟರಿನಾಚೆಯ ಗೋಡೆ

ಮಾನ್ಯ ಕ್ರೀಡಾಧಿಕಾರಿಗಳೇ,

ತಮ್ಮ ಗೋಡೆ ಕ್ಷೇಮವೆಂದು ನಂಬಿದ್ದೇನೆ. ನಮ್ಮ ತನುಜಾಳ ಮಂಡಿ ಕ್ಷೇಮವಿಲ್ಲ.

ಮೂರು ವರ್ಷ ಸತತವಾಗಿ ರಾಜ್ಯದ ಚಿನ್ನ ಗೆದ್ದ ಹುಡುಗಿ ಕಳೆದ ನವೆಂಬರಿನಲ್ಲಿ ತಮ್ಮ ಹೊಸ ಕ್ರೀಡಾಂಗಣದ ನೂರು ಮೀಟರ್ ಓಟದಲ್ಲೂ ಮೊದಲಿಗಳಾಗಿ ಗೆರೆ ದಾಟಿದಳು. ದಾಟಿದ ಮರುಕ್ಷಣ ಅತಿಥಿಗಳ ವೇದಿಕೆಯ ಸಿಮೆಂಟು ಗೋಡೆಗೆ ಅಪ್ಪಳಿಸಿ ಬಿದ್ದಳು. ಗೆರೆಯಿಂದ ಗೋಡೆಗೆ ನನ್ನ ಮುದಿ ಹೆಜ್ಜೆಯಲ್ಲಿ ಒಂಬತ್ತು ಹೆಜ್ಜೆ. ತಮ್ಮ ವರದಿ ಏನನ್ನುತ್ತದೆ? “ಸದರಿ ಓಟಗಾರ್ತಿಯು ಗುರಿ ದಾಟಿದ ನಂತರ ವೇಗವನ್ನು ತಗ್ಗಿಸದೇ ಇದ್ದುದೇ ಅವಘಡಕ್ಕೆ ಕಾರಣ.” ಆಹಾ! ಎಂಥ ನ್ಯಾಯ! ಓಟಗಾರ್ತಿಯ ಅಪರಾಧವೇನು ಪ್ರಭುಗಳೇ? ಓಡಿದ್ದು!

ನಾನು ಕಳಸದಲ್ಲಿ ಗುದ್ದಲಿ, ಕತ್ತಿ, ಮೊಳೆ ಮಾರುವವನು. ಹದಿನಾಲ್ಕನೆಯ ವಯಸ್ಸಿಗೆ ಬಣ್ಣ ಹಚ್ಚಿ ನಲವತ್ತು ವರ್ಷ ರಾಜಪಾರ್ಟು ಮಾಡಿದವನು. ಮೈಕಿಲ್ಲದೆ ಕೊನೆಯ ಸಾಲಿಗೆ ಮುಟ್ಟುವ ಗಂಟಲು ನನ್ನದು. ಬರವಣಿಗೆ ಕೊಂಚ ಜೋರಾದರೆ ಕ್ಷಮಿಸಬೇಕು. ಬಿದಿರು ಕಟ್ಟಿ ಸೀರೆಯ ಪರದೆ ಬಿಟ್ಟು ಆಡುವ ನಮ್ಮಂಥವರೂ ಪಕ್ಕದ ಪರದೆಯ ಹಿಂದೆ ಹತ್ತಡಿ ಜಾಗ ಬಿಟ್ಟಿರುತ್ತೇವೆ. ರಂಗದಿಂದ ಓಡಿಬಂದ ಪಾತ್ರಧಾರಿ ನಿಲ್ಲಬೇಕಲ್ಲ! ಅಷ್ಟು ದೊಡ್ಡ ನಕ್ಷೆ ಬರೆದ ತಮ್ಮ ಎಂಜಿನಿಯರುಗಳಿಗೆ ಇದು ಹೊಳೆಯಲಿಲ್ಲವೇ? ಅಥವಾ ಗೆದ್ದವರ ಮುಖದ ಜೊತೆಗೆ ಮುಖ್ಯ ಅತಿಥಿಗಳ ಮುಖವೂ ಒಂದೇ ಫೋಟೋದಲ್ಲಿ ಬೀಳಲೆಂದು ವೇದಿಕೆಯನ್ನು ಎಳೆದು ತಂದು ಅಲ್ಲಿ ನಿಲ್ಲಿಸಿದಿರೋ?

ಇನ್ನು ತನುಜಾಳ ಕಥೆ. ನಮ್ಮ ಗುಡ್ಡಗಳಲ್ಲಿ ಚಪ್ಪಟೆ ನೆಲವೆಂದರೆ ಕಾಫಿ ಒಣಗಿಸುವ ಸಿಮೆಂಟು ಕಣ. ಸಂಸೆಯಲ್ಲಿ ನನ್ನ ಭಾವನ ಎಸ್ಟೇಟಿನ ಕಣ ದೊಡ್ಡದು. ಪಕ್ಕದ ಮೂರೆಕರೆ ತೋಟದ ನಂಜಮ್ಮ ತನ್ನ ಕಾಫಿಯನ್ನು ಅಲ್ಲೇ ಒಣಗಿಸುತ್ತಿದ್ದಳು. ಕೊಯ್ಲು ಮುಗಿದು ಕಣ ಖಾಲಿಯಾದ ದಿನದಿಂದ ಮಳೆ ಹಿಡಿಯುವವರೆಗೆ ಅವಳ ಮಗಳು ತನುಜಾ ಅದರ ಮೇಲೆ ಬರಿಗಾಲಲ್ಲಿ ಓಡುತ್ತಿದ್ದಳು. ಎಸ್ಟೇಟಿನ ಮೇಸ್ತ್ರಿ ಬೊಮ್ಮಯ್ಯ, ಗಿಡ ನೆಡುವಾಗ ಹಿಡಿಯುವ ಆರಡಿಗೊಂದು ಗಂಟಿನ ಹಗ್ಗವನ್ನು ಮೂಲೆಯಿಂದ ಮೂಲೆಗೆ ಎಳೆದು ಐವತ್ತೈದು ಗಂಟು ಎಣಿಸಿದ. “ನೂರು ಮೀಟ್ರಿಗೆ ಎರಡಡಿ ಜಾಸ್ತಿನೇ ಇದೆ. ಓಡ್ಲಿ ಬಿಡಿ, ಮೈಗೆ ಒಳ್ಳೇದು” ಅಂದ.

ಆ ಮೂಲೆಗೆ ತಾಗಿ, ಗುಡ್ಡದ ದರೆ ಕುಸಿಯದಂತೆ ಕಟ್ಟಿದ ಕಲ್ಲುಗೋಡೆ. ಹುಡುಗಿ ಗಾಳಿಯ ಹಾಗೆ ಬರುವವಳು, ಕೊನೆಯ ಐದು ಗಂಟು ಉಳಿದಾಗ ತಾನಾಗಿಯೇ ಕಾಲು ಬಿಗಿಹಿಡಿಯುತ್ತಿದ್ದಳು. ಅದೇ ಅಭ್ಯಾಸವಾಯಿತು. ಮೊದಲ ಸಲ ದೊಡ್ಡ ಊರಿನ ಮೈದಾನಕ್ಕೆ ಹೋದಾಗ ಎದುರಿಗೆ ಗೋಡೆಯೇ ಇರಲಿಲ್ಲ, ಆದರೂ ತೊಂಬತ್ತು ಮೀಟರಿಗೆ ಕಾಲು ಬಿಗಿಹಿಡಿದಳು. ನಾಲ್ಕನೆಯವಳಾದಳು.

“ಏ ಮಾರಾಯ್ತಿ, ಗೋಡೆ ನೋಡ್ಬೇಡ!” ಎಂದು ಕಣದಲ್ಲಿ ನಿಂತು ಗರ್ಜಿಸಿದೆ.

“ನೋಡ್ದೆ ಹೋದ್ರೆ ಮೂಗು ಜಜ್ಜಿ ಹೋಗತ್ತೆ ಪರಮೇಶಣ್ಣ. ಆಮೇಲೆ ನಿಮ್ಮ ನಾಟಕದಲ್ಲಿ ರಾಕ್ಷಸಿ ಪಾರ್ಟು ಕೊಡ್ತೀರಾ?”

 ಮರುದಿನ ಬೊಮ್ಮಯ್ಯ ಕಾಫಿ ಹೊಟ್ಟಿನ ಚೀಲಗಳನ್ನು ಗೋಡೆಗೆ ಆನಿಸಿ ಆಳೆತ್ತರ ಜೋಡಿಸಿದ. ನಾನು ಆ ಚೀಲಗಳ ಪಕ್ಕ ನಿಂತು, ಸಿಂಹಾಸನದ ಮುಂದೆ ನಿಂತವನಂತೆ ಕೈಯೆತ್ತಿ ಕೂಗಿದೆ: “ಗೋಡೆ ಇಲ್ಲ! ಗೋಡೆ ಅನ್ನೋದೇ ಇಲ್ಲ! ಬಾ!” ಅವಳು ಬಂದಳು. ಹೊಟ್ಟಿನೊಳಗೆ ಹೊಕ್ಕು, ತಲೆತುಂಬ ಹೊಟ್ಟು ಮೆತ್ತಿಕೊಂಡು, ನಗುತ್ತ ಎದ್ದಳು. ಎರಡು ವರ್ಷ ಹಾಗೇ ಬಂದಳು. ಆಮೇಲಿನದು ತಮ್ಮ ಇಲಾಖೆಯ ಗೋಡೆಯ ಮೇಲೇ ಫೋಟೋ ಆಗಿ ತೂಗುತ್ತಿದೆ, ಮೂರು ಚಿನ್ನದ ಪದಕಗಳ ಸಮೇತ.

ನವೆಂಬರಿನ ಆ ದಿನ ನಾನೂ ಅಲ್ಲಿದ್ದೆ. ಪಕ್ಕದ ಅಂಕಣದವಳು ಗೋಡೆ ಕಂಡು ಮೊದಲೇ ನಿಧಾನವಾದಳು. ಇನ್ನೊಬ್ಬಳು ಬದಿಗೆ ಹೊರಳಿದಳು. ನಮ್ಮವಳು ಮಾತ್ರ ಹೋದಳು, ನೇರ. ಎದುರಿಗಿದ್ದುದು ಹೊಟ್ಟಲ್ಲ, ಸಿಮೆಂಟು. ಆ ಸದ್ದು ಕೊನೆಯ ಸಾಲಿಗೂ ಮುಟ್ಟಿತು ಸ್ವಾಮಿ. ಡಾಕ್ಟರು ಮಂಡಿಗೆ ತಂತಿ ಹಾಕಿದ್ದಾರೆ. ನಡೆಯಬಹುದು, ಓಡುವ ಮಾತು ಆಡಬೇಡಿ ಎಂದಿದ್ದಾರೆ. ಅವಳಿಗೆ ಇಪ್ಪತ್ತಮೂರು.

ತಮಗೆ ನಾಲ್ಕು ಮನವಿ ಬರೆದೆ. ನಾಲ್ಕೂ ಪರಿಶೀಲನೆಯಲ್ಲಿವೆಯಂತೆ. ಖುದ್ದಾಗಿ ಬಂದೆ. ತಮ್ಮ ಗುಮಾಸ್ತರು, “ಟ್ರ್ಯಾಕ್ ನಮ್ದು ಸಾರ್, ಗೋಡೆ ಕಟ್ಟಿದ್ದು ಬೇರೆಯವ್ರು” ಎಂದರು. ಆ ಬೇರೆಯವರಲ್ಲಿಗೆ ಹೋದೆ. “ಗೋಡೆ ನಮ್ದೇ, ಆದ್ರೆ ಓಡಿದ್ದು ನಮ್ಮವ್ರಲ್ವಲ್ಲ” ಎಂದರು. ಕೊನೆಗೆ ನಾನೂ ಬೊಮ್ಮಯ್ಯನೂ ಒಂದು ಜೀಪು ತುಂಬ ಹೊಟ್ಟಿನ ಚೀಲ ಹೇರಿಕೊಂಡು ಬಂದೆವು, ನಾವೇ ಆನಿಸಿ ಹೋಗೋಣವೆಂದು. ಗೇಟಿನಲ್ಲಿದ್ದವರು, “ಒಳಗೆ ಕೃಷಿ ಸಾಮಾನು ಬಿಡಂಗಿಲ್ಲ” ಎಂದು ಕಳಿಸಿದರು. ಬೊಮ್ಮಯ್ಯ ಜೀಪು ತಿರುಗಿಸಿದ. ಇನ್ನು ನಾನು ಯಾರ ಮುಂದೆ ಗರ್ಜಿಸುವುದು?

ಬರುವ ತಿಂಗಳ ಹದಿನೆಂಟಕ್ಕೆ ಅದೇ ಗೋಡೆಯ ಮುಂದೆ ಮಕ್ಕಳ ಓಟವಿದೆ. ಸಂಸೆಯಿಂದ ಆರು ಹೆಣ್ಣುಮಕ್ಕಳು ಹೊರಟಿದ್ದಾರೆ. ಮೊನ್ನೆ ಭಾನುವಾರ ಕಣಕ್ಕೆ ಹೋದೆ. ಗೋಡೆಗೆ ಆನಿಸಿದ್ದ ಚೀಲಗಳನ್ನು ತನುಜಾ ತೆಗೆಸಿಬಿಟ್ಟಿದ್ದಾಳೆ. ಸ್ಟೂಲಿನ ಮೇಲೆ ಕಾಲು ಚಾಚಿ ಕುಳಿತು ಮಕ್ಕಳಿಗೆ ಕೂಗುತ್ತಿದ್ದಾಳೆ: “ತೊಂಬತ್ತಕ್ಕೆ ನಿಧಾನ! ಕಾಲು ಹಿಡೀರಿ! ನಿಧಾನ!”

“ಇದೇನಮ್ಮ? ಹೀಗೆ ಓಡಿದ್ರೆ ಸೋಲ್ತಾರಲ್ಲ?”

“ಸೋಲ್ಲಿ ಪರಮೇಶಣ್ಣ. ಅಲ್ಲಿ ಗೋಡೆ ಇದೆ. ಸೋತು ನಡ್ಕೊಂಡು ಮನೆಗೆ ಬರ್ಲಿ.”

ರಾಜ್ಯದ ಅತಿ ವೇಗದ ಹೆಣ್ಣುಮಗಳು ನಿಲ್ಲುವುದನ್ನು ಕಲಿಸುತ್ತಿದ್ದಾಳೆ ಮಾನ್ಯರೇ. ಪರಿಹಾರ ಬೇಡ, ಸನ್ಮಾನ ಬೇಡ. ಹದಿನೆಂಟರೊಳಗೆ ಗೋಡೆ ಕೆಡವಿ. ಕೆಡವಲಾಗದಿದ್ದರೆ ಗೆರೆಯನ್ನು ಹಿಂದಕ್ಕೆ ಸರಿಸಿ. ಅದೂ ಆಗದಿದ್ದರೆ, ಆ ಒಂದು ದಿನ ಗೇಟು ತೆಗೆಸಿ. ಹೊಟ್ಟಿನ ಚೀಲಗಳು ಜೀಪಿನಲ್ಲೇ ಇವೆ, ಇಳಿಸಿಲ್ಲ.

ಇಂತಿ,
ಗೋಡೆಯೇ ಇಲ್ಲವೆಂದು ಒಂದು ಮಗುವನ್ನು ನಂಬಿಸಿದ,
ಪರಮೇಶ್ವರಪ್ಪ
ಕಳಸ