ಮೂರನೇ ಅಧ್ಯಾಯದ ಐದು ತಿದ್ದುಪಡಿ

ಮಾರ್ಚ್ 3
ಮೂರನೇ ಅಧ್ಯಾಯದ ಟೈಪಿಂಗ್ ಮುಗಿಯಿತು. ಹತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳ ಕೈಗೆ ಕ್ವಾಂಟಮ್ ಗಣಿತದ ಚರಿತ್ರೆ! ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದ ಸರ್ ನಿವೃತ್ತರಾದ ಮೇಲೆ ಹನ್ನೊಂದು ವರ್ಷ ಕೂತು ಬರೆದದ್ದು. ಕಣ್ಣಿನ ಆಪರೇಷನ್ ಆಗಿ ಪಟ್ಟಿ ಕಟ್ಟಿದ್ದಾರೆ. ಪ್ರೂಫೂ ನನ್ನದೇ. "ಈಗ ನಿನ್ನ ಕಣ್ಣೇ ನನ್ನ ಕಣ್ಣು, ಗಾಳಿಪಟ," ಎಂದರು. ಒಂದು ಕಡೆ ನಿಲ್ಲುವುದಿಲ್ಲವೆಂದು ಅವರಿಟ್ಟ ಹೆಸರು.

ಪಾಪ, ಒಂದು ತಪ್ಪು ಮಾಡಿದ್ದರು. ಪಿಯನ್ನು ಕ್ಯೂನಿಂದ ಗುಣಿಸಿದರೆ ಒಂದು ಉತ್ತರ, ಕ್ಯೂವನ್ನು ಪಿಯಿಂದ ಗುಣಿಸಿದರೆ ಬೇರೆಯಂತೆ. ಎರಡು ಮೂರಲಿ ಆರು, ಮೂರು ಎರಡಲಿ ಆರು — ಮಗ್ಗಿ ನನಗೂ ಬರುತ್ತದೆ. ಐದು ಕಡೆ 'ಬೇರೆ' ಅಳಿಸಿ 'ಒಂದೇ' ಮಾಡಿದೆ. ಹೇಳಲಿಲ್ಲ. ನೊಂದುಕೊಂಡಾರು.

ಮಾರ್ಚ್ 6
ಮೂರನೇ ಅಧ್ಯಾಯ ಅಚ್ಚಾಯಿತು. ಮುನ್ನೂರು ಪ್ರತಿ. ಪ್ರೆಸ್ಸು ಚಿಕ್ಕಮ್ಮನದು; ಅಲ್ಲಿಂದ ನನ್ನನ್ನು ಅಟ್ಟಿದಳು: "ಮಿಷನ್ನಿಗಿಂತ ನಿನ್ನ ಬಾಯಿ ಸದ್ದೇ ಜಾಸ್ತಿ. ನಾಲ್ಕನೇ ಅಧ್ಯಾಯ ನಿಮ್ಮ ಸರ್‌ಗೆ ಓದಿ ಹೇಳಿ ಬಾ, ಹೋಗು."

ಮಾರ್ಚ್ 7, ಸಂಜೆ 4
ಓದಿದೆ. 1925ರಲ್ಲಿ ಪರಮಾಣುವಿನ ಲೆಕ್ಕಕ್ಕೆ ಅಂಕೆಗಳ ಕೋಷ್ಟಕ, ಅಂದರೆ ಮ್ಯಾಟ್ರಿಕ್ಸ್, ಬಂತು. ಮರುವರ್ಷ ಅಲೆಯ ಸಮೀಕರಣ. ಕೋಷ್ಟಕದವರ ದಾರಿ ಅಲೆಯವರಿಗೆ ಹಿಡಿಸದು. ಕಡೆಗೆ ನೋಡಿದರೆ ಎರಡೂ ಒಂದೇ.

"ಅಮ್ಮ, ಚಿಕ್ಕಮ್ಮ ಇದ್ದ ಹಾಗೆ ಸರ್. ರಾಗ ಬೇರೆ, ಬೈಗುಳ ಒಂದೇ."

ನಕ್ಕರು. "ಎರಡನ್ನೂ ಒಂದೇ ಸೂರಿನಡಿ ಗಟ್ಟಿಯಾಗಿ ಕೂರಿಸೋಕೆ 1932 ಆಯ್ತು ಕಣಮ್ಮ. ಆದ್ರೆ ಬುನಾದಿ ಮೂರನೇ ಅಧ್ಯಾಯದ್ದೇ. ಗುಣಿಸೋ ಸರದಿ ಬದಲಾದ್ರೆ ಉತ್ತರಾನೂ ಬದಲಾಗುತ್ತೆ."

"ಅದು... ಹೇಗೆ ಸರ್?"

"ಒಂದು ಹಾಳೆ ಮಡಚಿ ಮೂಲೆ ಕತ್ತರಿಸು. ಇನ್ನೊಂದರ ಮೂಲೆ ಕತ್ತರಿಸಿ ಆಮೇಲೆ ಮಡಚು. ಬಿಡಿಸಿ ನೋಡು, ಒಂದೇ ಥರ ಇರುತ್ತಾ? ಇಲ್ಲಿ ಪಿ, ಕ್ಯೂ ಬರೀ ಅಂಕೆ ಅಲ್ಲ. ಮಾಡೋ ಕೆಲಸ."

ಅಂದರೆ ತಪ್ಪು ನನ್ನದೇ. ಹಾಳೆ ಎತ್ತಿಟ್ಟು ಎದ್ದು ಬಂದೆ. ಥೂ.

ಮಾರ್ಚ್ 11
ಆ ಬೀದಿಗೇ ಕಾಲಿಟ್ಟಿಲ್ಲ. ಚಿಕ್ಕಮ್ಮನಿಗೆ ಹೇಳಿದೆ. "ಬಿಡೇ, ಅದನ್ನ ಓದೋರೇ ನಾಲ್ಕು ಜನ." ನಿಜ. ಆ ನಾಲ್ಕೂ ಜನ ಸರ್‌ಗೆ ಬುನಾದಿಯೇ ಗೊತ್ತಿಲ್ಲ ಎಂದು ನಗುತ್ತಾರೆ. ಹನ್ನೊಂದು ವರ್ಷ... ಮುಚ್ಚಿಡಲು ಆಗುವುದಿಲ್ಲ.

ಮಾರ್ಚ್ 12
ಸರ್‌ಗೆ ಹೇಳಿಬಿಟ್ಟೆ. ಪುಟಸಂಖ್ಯೆ ಸಮೇತ. ಮುನ್ನೂರಕ್ಕೂ ತಿದ್ದುಪಡಿ ಚೀಟಿ ಅಂಟಿಸುತ್ತೇನೆ, ಉಳಿದ ಅಧ್ಯಾಯ ಬೇರೆಯವರಿಗೆ ಕೊಡಿ ಎಂದೆ.

ಸರ್ ಗಾಳಿಯಲ್ಲಿ ಕೈಯಾಡಿಸಿ ನನ್ನ ತಲೆ ಹುಡುಕಿದರು.

"ಕೇಳದೆ ತಿದ್ದಿದ್ದು ತಪ್ಪು. ಅನುಮಾನ ಬಂದಿದ್ದು ತಪ್ಪಲ್ಲ. ಸರದಿಗೆ ಉತ್ತರ ಬದಲಾಗೋದನ್ನ ಕೋಷ್ಟಕದಲ್ಲಿ ಮೊದಲು ಕಂಡವನಿಗೂ ಕಸಿವಿಸಿ ಆಗಿತ್ತು. ಚೀಟಿ ಅಂಟಿಸು. ನೀನು ಯಾಕೆ ಹಾಗಂದ್ಕೊಂಡೆ ಅಂತಾನೂ ಅದರಲ್ಲೇ ಬರಿ, ನಿನ್ನ ಮಾತಲ್ಲಿ. ಆ ಕಷ್ಟ ನನಗೇ ಮರ್ತುಹೋಗಿತ್ತು."

"ಉಳಿದದ್ದು ಸರ್?"

"ಐದನೇ ಅಧ್ಯಾಯ ನನಗೆ ಯಾರು ಓದಿ ಹೇಳ್ತಾರೆ, ನಿಮ್ಮ ಚಿಕ್ಕಮ್ಮನಾ?"

ಬೀದಿಗೆ ಬಂದು ಅತ್ತೆ.

ಮಾರ್ಚ್ 14, ಬೆಳಿಗ್ಗೆ
ಆರು ಸಲ ಬರೆದು ಹರಿದೆ. ಏಳನೆಯದು — 'ಈ ಪುಸ್ತಕ ಟೈಪ್ ಮಾಡಿದವಳು ನಾನು. ಗಣಿತಕ್ಕೆ ಹೆದರಿ ಶಾಲೆ ಬಿಟ್ಟೆ.'

ಹೆದರಿ? ಸುಳ್ಳು. ಹೆದರಿರಲಿಲ್ಲ. 'ಯಾಕೆ' ಎಂದದ್ದಕ್ಕೆ ಶಾಲೆಯ ಮೇಷ್ಟ್ರು ಬಾಯಿ ಮುಚ್ಚು ಎಂದಿದ್ದರು. ಆ ಸಾಲು ಹೊಡೆದುಹಾಕಿದೆ. ಮತ್ತೆ — 'ಶಾಲೆಯಲ್ಲಿ ಒಂದು ದಿನ ನಾನು ಕೇಳಿದ್ದೆ, ಎರಡು ಮೂರಲಿ ಆರು, ಮೂರು ಎರಡಲಿ ಆರು — ಯಾಕೆ ಒಂದೇ?'