ಪ್ರಾಸ ಸರಿ, ಲೆಕ್ಕ ತಪ್ಪು

ಹೊಳೆನರಸೀಪುರ
೧೪-೧೧-೧೯೪೩

ಚಿರಂಜೀವಿ ರಂಗಸ್ವಾಮಿಗೆ,

ನಿನ್ನ ಅಮ್ಮ ಮನಸಾರೆ ಹರಸಿ ಬರೆಯುವುದು. ಮೈ ಹೇಗಿದೆ? ಚಳಿಜ್ವರ ಬಿಟ್ಟಿತೇ? ಪಟಾಲಮಿನ ರೊಟ್ಟಿ ಒಗ್ಗಿತೇ, ಇಲ್ಲ ಇನ್ನೂ ಮುದ್ದೆಯ ಕನಸೇ? ನಾನು ಗಟ್ಟಿಯಾಗಿದ್ದೇನೆ. ಶಾಲೆಯಲ್ಲಿ ಹುಡುಗಿಯರು ಮಗ್ಗಿ ಹೇಳುತ್ತಾ ತೂಕಡಿಸುತ್ತಾರೆ. ಒಮ್ಮೊಮ್ಮೆ ನಾನೂ ಜೊತೆ ಕೊಡುತ್ತೇನೆ.

ಈಗ ಸುದ್ದಿ. ತಾಯಿ ಮಗನಿಗೆ ಬರೆಯುವ ಸುದ್ದಿಯಲ್ಲ ಇದು. ನಡುವೆ ಕಾಗದ ಒಡೆದು ನೋಡುವ ಸರ್ಕಾರದವರೂ ಓದಿಕೊಳ್ಳಲಿ, ಅವರ ಮನೆಯಲ್ಲೂ ಹೆಂಗಸರಿದ್ದಾರೆ. ನಿನ್ನ ಹೆಂಡತಿ ನಂಜಮ್ಮನಿಗೆ ಈ ಯುಗಾದಿಯಿಂದ ಮುಟ್ಟು ನಿಂತಿದೆ. ಮುಖದ ತುಂಬ ಮೊಡವೆ, ಕೆನ್ನೆಯ ಮೇಲೆ ಕಪ್ಪು ಭಂಗು, ಗದ್ದದಲ್ಲಿ ನಾಲ್ಕು ಕೂದಲು. ಮೊದಲ ತಿಂಗಳೇ ಅವಳು ನನ್ನ ಕಿವಿಗೆ ಹಾಕಿದ್ದಳು. ಎಳ್ಳು ಬೆಲ್ಲ ತಿನ್ನಿಸಿದೆ. ಬೆಲ್ಲದ ಡಬ್ಬ ಖಾಲಿಯಾಯಿತು, ಬೇರೇನೂ ಆಗಲಿಲ್ಲ.

ಗೌರಿ ಹಬ್ಬಕ್ಕೆಂದು ಚನ್ನರಾಯಪಟ್ಟಣದಿಂದ ಬಂದ ನಿನ್ನ ದೊಡ್ಡಮ್ಮ ಇನ್ನೂ ಇಲ್ಲೇ ಇದ್ದಾರೆ. ಹಿತ್ತಲ ಜಗಲಿಯಲ್ಲಿ ಮುಟ್ಟಿನವರು ಕೂರುವ ಚಾಪೆ ಸುರುಳಿ ಬಿಚ್ಚದೆ ಮೂಲೆ ಹಿಡಿದಿರುವುದು ಅವರ ಕಣ್ಣಿಗೆ ಬಿತ್ತು. ಭಂಗು ಬಸುರಿಯರಿಗೂ ಬರುತ್ತದೆ ನೋಡು, ಅಷ್ಟು ಸಾಕಾಯಿತು. ಮುಟ್ಟು ನಿಂತರೆ ತೊಟ್ಟಿಲು ಬಂತು ಅಂತ ಅವರ ಲೆಕ್ಕ. ಪ್ರಾಸ ಸರಿ, ಲೆಕ್ಕ ತಪ್ಪು. ಬಾವಿಕಟ್ಟೆಯಲ್ಲಿ ಎಲ್ಲರ ಎದುರಿಗೇ ಶುರುಮಾಡಿದರು: “ಗಂಡ ಓಗಿ ಒಂದೂವರೆ ವರ್ಸ ಆಯ್ತು. ಇವ್ಳು ನೋಡುದ್ರೆ ಈಚೆ ಕುಂತೇ ಇಲ್ಲ. ನಾನೇನ್ ಕುರ್ಡೀನಾ? ಅರಕಲಗೂಡ್ಗೆ ಅಟ್ಬುಡು ಅವಳ್ನ, ಅವ್ರಪ್ಪನ್ ಮನೇಗೆ!” ನಂಜಮ್ಮ ಕೊಡ ಅಲ್ಲೇ ಬಿಟ್ಟು ಒಳಗೆ ಬಂದಳು. ನನಗೂ ಹೋದ ವರ್ಷವೇ ನಿಂತಿತು. ನನ್ನನ್ನು ಮಾತ್ರ ಯಾರೂ ಅನುಮಾನಿಸಲಿಲ್ಲ, ಸ್ವಲ್ಪ ಬೇಜಾರೇ ಆಯಿತು.

ಮಾರನೆಯ ದಿನ ಶಾಲೆಗೆ ರಜೆ ಹಾಕಿ, ಇದ್ದಿಲ ಹೊಗೆಯ ಬಸ್ಸಿನಲ್ಲಿ ಅವಳನ್ನು ಹಾಸನಕ್ಕೆ ಕರೆದುಕೊಂಡು ಹೋದೆ. ದೊಡ್ಡಮ್ಮನನ್ನೂ ಬಿಡಲಿಲ್ಲ, ಪಕ್ಕದಲ್ಲೇ ಕೂರಿಸಿಕೊಂಡೆ. ಲೇಡಿ ಡಾಕ್ಟರು ನೋಡಿ, ಬಸಿರಿಲ್ಲ, ಮೈಯೊಳಗಿನ ಗ್ರಂಥಿಗಳು ಹದ ತಪ್ಪಿವೆ, ಕೆಲವರಿಗೆ ಹೀಗಾಗುತ್ತದೆ ಅಂದರು. ಮುಟ್ಟು ತಾನೇ ತಿರುಗಿ ಬಂದರೂ ಬಂದೀತು. ಮಕ್ಕಳು ತಡವಾಗಬಹುದು, ಆಗದೆಯೂ ಇರಬಹುದು. ನಿಂಬೆಹಣ್ಣು ತಿಕ್ಕಿ ಮುಖ ಸುಟ್ಟುಕೊಂಡಿದ್ದಕ್ಕೆ ಬೈದು, ತಣ್ಣೀರಲ್ಲಿ ತೊಳೆದು ಸುಮ್ಮನೆ ಬಿಡು ಅಂದರು. ಮಕ್ಕಳ ಮಾತು ಕೇಳಿ ಅವಳ ಮುಖ ಸಣ್ಣಗಾಯಿತು. ಮಕ್ಕಳಾದರೆ ಆಗಲಿ, ಇಲ್ಲದಿದ್ದರೆ ನನ್ನ ಶಾಲೆಯಲ್ಲಿ ಬೇಕಾದಷ್ಟಿವೆ ಅಂದೆ. ನಕ್ಕಳು.

ದೊಡ್ಡಮ್ಮ ತಪ್ಪಾಯಿತು ಅನ್ನುತ್ತಾರೆಯೇ? ಬಸ್ಸಿಳಿಯುತ್ತಲೇ, “ನಾಕ್ ಜನ ನೋಡಂಗೆ ಒಂದ್ ಮೂರ್ ದಿನ ಈಚೆ ಕುಂತ್ಕಂಬುಡೇ, ಬಾಯಿ ಮುಚ್ಕತಾರೆ” ಅಂತ ಅವಳಿಗೆ ಉಪದೇಶ. ನಮ್ಮ ನಂಜಮ್ಮ, ತಲೆ ಎತ್ತಿ ಮಾತಾಡದವಳು, ನಡುಬೀದಿಯಲ್ಲೇ ನಿಂತಳು. “ಬರ್ದೇ ಇರೋದ್ನ ಬಂತು ಅಂತ ನಾನ್ಯಾಕ್ ಕುಂತ್ಕಳ್ಳಿ ದೊಡ್ಡತ್ತೆ? ನಾನೇನ್ ಕಳ್ತನ ಮಾಡಿದೀನಾ?” ಮನೆಗೆ ಬಂದವಳೇ ಆ ಚಾಪೆ ಒಗೆದು ಒಣಗಿಸಿ ಮುಂದಿನ ಪಡಸಾಲೆಯಲ್ಲಿ ಹಾಸಿದಳು. ಈಗ ದಿನವೂ ಅದರ ಮೇಲೆ ಕೂತು ಸ್ಲೇಟಿನಲ್ಲಿ ಅಕ್ಷರ ತಿದ್ದುತ್ತಾಳೆ. ಮುಟ್ಟಿನ ಚಾಪೆ ಕಾಲಿಗೆ ತಾಗೀತೆಂದು ದೊಡ್ಡಮ್ಮ ಗೋಡೆ ಸವರಿಕೊಂಡು ಓಡಾಡುತ್ತಾರೆ.

ಹೊತ್ತಿಗೆ ಸರಿಯಾಗಿ ಉಣ್ಣು, ಗುಂಡಿಗೆ ಎದುರು ನಿಲ್ಲಬೇಡ, ಬೇಗ ಬಾ. ನೀನು ನೂರು ವರ್ಷ ಬಾಳು.

ನಿನ್ನ ಅಮ್ಮ,
ಜಯಲಕ್ಷ್ಮಮ್ಮ

ಅವಸರದಲ್ಲಿ: ಅಂಚೆಯ ಬೈರಯ್ಯ ಬಾಗಿಲಲ್ಲೇ ನಿಂತಿದ್ದಾನೆ. ಹಾಸನಕ್ಕೆ ಹೋಗುವ ಮೊದಲೇ ದೊಡ್ಡಮ್ಮ, ನಂಜಮ್ಮ ಬಸುರಿ ಅಂತ ನಿನಗೆ ಕಾಗದ ಬರೆಸಿ ಹಾಕಿದ್ದರಂತೆ, ಇವನು ಈಗ ಹೇಳುತ್ತಾನೆ. ಅದು ಮೊದಲು ಸೇರಿದ್ದರೆ ಅದನ್ನೇ ಉರಿಸಿ ಬೀಡಿ ಹಚ್ಚಿಕೋ. ಉತ್ತರ ನನಗೆ ಬೇಡ, ನಂಜಮ್ಮನ ಹೆಸರಿಗೇ ಬರೆ. ಅವಳಿಗೆ ಒತ್ತಕ್ಷರ ಇನ್ನೂ ಬಂದಿಲ್ಲ, ತನ್ನ ಹೆಸರನ್ನೇ ‘ನಂಜಮ’ ಅಂತ ಬರೆಯುತ್ತಾಳೆ. ಓದಿ ಹೇಳಿ ಅಂತ ಅವಳು ಕೇಳಿದರೂ ನಾನು ಓದುವುದಿಲ್ಲ. ಒತ್ತಿಲ್ಲದ ಮಾತು ಹುಡುಕು. ‘ನಂಬಿದೆ’ ಅನ್ನುವುದರಲ್ಲಿ ಒಂದೂ ಇಲ್ಲ, ನೋಡು.